‘ಚುನಾವಣೆ ಅಸಿಂಧು’ ಎನ್ನಬೇಕೋ, ‘ಆಯ್ಕೆ ಅಸಿಂಧು’ ಎನ್ನಬೇಕೋ?

ಗೆದ್ದ ಅಭ್ಯರ್ಥಿಯ ಗೆಲುವನ್ನು ಹೈಕೋರ್ಟ್ ಎತ್ತಿಹಿಡಿಯದೆ ಹೋದಾಗ ‘ಚುನಾವಣೆ ಅಸಿಂಧು’, ‘ಆಯ್ಕೆ ಅಸಿಂಧು’, ‘ಶಾಸಕತ್ವ ರದ್ದು’, ‘ಶಾಸಕ ಅನರ್ಹ’ ಎಂದು ಒಂದೇ ತೀರ್ಪಿಗೆ ನಾಲ್ಕು ಬಗೆಯ ತಲೆಬರಹಗಳು ಬರುವುದುಂಟು. ಇವು ಒಂದರ ಬದಲು ಇನ್ನೊಂದನ್ನು ಇಡಬಹುದಾದ ಪದಗಳೇ? ಅಲ್ಲವೆಂದು ನನಗನ್ನಿಸುತ್ತದೆ.

‘ರದ್ದು’ ಎಂಬುದನ್ನು ಮೊದಲು ಬದಿಗಿಡೋಣ. 2017ರ ಏಪ್ರಿಲ್‌ನಲ್ಲಿ ಚೆನ್ನೈನ ಆರ್.ಕೆ. ನಗರ ಉಪಚುನಾವಣೆಯನ್ನು ಹಣ ಹಂಚಿಕೆಯ ಕಾರಣಕ್ಕೆ ಚುನಾವಣಾ ಆಯೋಗವು ಮತದಾನಕ್ಕೆ ಮೊದಲೇ ನಿಲ್ಲಿಸಿಬಿಟ್ಟಿತು. ಅಲ್ಲಿ ಆಯ್ಕೆಯಾದವರೇ ಇರಲಿಲ್ಲವಾದ್ದರಿಂದ ‘ಚುನಾವಣೆ ರದ್ದು’ ಎಂಬ ಮಾತು ಸರಿಯಾಗಿ ಹೊಂದುತ್ತದೆ. ಮತದಾನ ನಡೆದು, ಫಲಿತಾಂಶ ಹೊರಬಿದ್ದು, ಸದಸ್ಯರು ಪ್ರಮಾಣವಚನ ಸ್ವೀಕರಿಸಿದ ಮೇಲಿನ ಜಗಳವೇ ಬೇರೆ.

1951ರ ಪ್ರಜಾಪ್ರತಿನಿಧಿ ಕಾಯ್ದೆಯ ಪ್ರಕಾರ ಇಂಥ ಫಲಿತಾಂಶವನ್ನು ಪ್ರಶ್ನಿಸಲು ಚುನಾವಣಾ ತಕರಾರು ಅರ್ಜಿಯೊಂದೇ ದಾರಿ. ಅದನ್ನು 45 ದಿನಗಳೊಳಗೆ ಹೈಕೋರ್ಟಿಗೆ ಸಲ್ಲಿಸಬೇಕು. ಭ್ರಷ್ಟ ಆಚರಣೆ, ನಾಮಪತ್ರವನ್ನು ತಪ್ಪಾಗಿ ತಿರಸ್ಕರಿಸಿದ್ದು ಮುಂತಾದ ಆಧಾರಗಳ ಮೇಲೆ 100ನೇ ಕಲಂ ಅಸಿಂಧುವೆಂದು ಸಾರಲು ಅವಕಾಶ ಕೊಡುವುದು ಗೆದ್ದವರ ಆಯ್ಕೆಯನ್ನು. ಕನ್ನಡದಲ್ಲಿ ‘ಚುನಾವಣೆ’ ಎಂದೊಡನೆ ಅಧಿಸೂಚನೆಯಿಂದ ಮತ ಎಣಿಕೆಯವರೆಗಿನ ಇಡೀ ಪ್ರಕ್ರಿಯೆ ನಮ್ಮ ಮನಸ್ಸಿಗೆ ಬರುವುದರಿಂದ, ‘ಚುನಾವಣೆ ಅಸಿಂಧು’ ಎಂದು ಓದಿದವರು ಆ ಕ್ಷೇತ್ರದಲ್ಲಿ ಮತ್ತೆ ಮತದಾನ ನಡೆಯಲೇಬೇಕೆಂದು ತಿಳಿಯುತ್ತಾರೆ. ಆದರೆ ಅರ್ಜಿದಾರರು ಕೋರಿದ್ದರೆ, ಸಿಂಧುವಾದ ಮತಗಳಲ್ಲಿ ಬಹುಮತ ನಿಜವಾಗಿ ಬಂದದ್ದು ಇನ್ನೊಬ್ಬರಿಗೆ ಎಂಬುದು ರುಜುವಾತಾದರೆ, ಅವರನ್ನೇ ಆಯ್ಕೆಯಾದವರೆಂದು ಘೋಷಿಸಲು 101ನೇ ಕಲಮಿನಲ್ಲಿ ಅವಕಾಶವಿದೆ. ಆಗ ಬಿದ್ದುಹೋಗುವುದು ಒಬ್ಬರ ಆಯ್ಕೆ ಮಾತ್ರ, ಚುನಾವಣೆಯಲ್ಲ. ಹೀಗಾಗಿ ‘ಆಯ್ಕೆ ಅಸಿಂಧು’ ಎಂಬುದೇ ನನ್ನ ಒಲವು.

‘ಅನರ್ಹ’ ಎಂಬುದು ವ್ಯಕ್ತಿಗೆ ಹತ್ತುವ ಪದ, ಆಯ್ಕೆಗಲ್ಲ. 1975ರ ಜೂನ್ 12ರಂದು ಅಲಹಾಬಾದ್ ಹೈಕೋರ್ಟ್, ಸೋತ ಅಭ್ಯರ್ಥಿ ರಾಜ್ ನಾರಾಯಣ್ ಅವರ ಅರ್ಜಿಯ ಮೇಲೆ, ರಾಯ್ ಬರೇಲಿಯಿಂದ ಇಂದಿರಾ ಗಾಂಧಿಯವರ 1971ರ ಆಯ್ಕೆಯನ್ನು ಅಸಿಂಧುಗೊಳಿಸಿತು, ಅದರೊಡನೆ ಅವರನ್ನು ಆರು ವರ್ಷ ಅನರ್ಹಗೊಳಿಸಿತು. ತೀರ್ಪು ಒಂದೇ ಆದರೂ ಪರಿಣಾಮಗಳು ಎರಡು: ಒಂದು ಹಿಂದಿನ ಗೆಲುವನ್ನು ಕೆಡವುತ್ತದೆ, ಇನ್ನೊಂದು ಮುಂದಿನ ಸ್ಪರ್ಧೆಗೆ ಅಡ್ಡ ನಿಲ್ಲುತ್ತದೆ.

ಈ ಎರಡು ಪದಗಳ ಅಂತರ ಕರ್ನಾಟಕದಲ್ಲಿ ಕಣ್ಣಿಗೆ ಹೊಡೆಯುವಂತೆ ಕಂಡದ್ದು 2019ರಲ್ಲಿ. ಆ ವರ್ಷ ಜುಲೈನಲ್ಲಿ ವಿಧಾನಸಭಾಧ್ಯಕ್ಷರು ಪಕ್ಷಾಂತರವನ್ನು ತಡೆಯುವ, ಸಂವಿಧಾನದ ಹತ್ತನೆಯ ಅನುಸೂಚಿಯಡಿ 17 ಶಾಸಕರನ್ನು ಅನರ್ಹಗೊಳಿಸಿದರು. ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿದು, ಅದನ್ನು ವಿಧಾನಸಭೆಯ ಅವಧಿ ಮುಗಿಯುವವರೆಗೂ ಎಳೆದದ್ದನ್ನು ಮಾತ್ರ ತೆಗೆದುಹಾಕಿತು. ಆದರೂ ಡಿಸೆಂಬರ್ 5ರಂದು ಉಪಚುನಾವಣೆ ನಡೆದದ್ದು 15 ಕ್ಷೇತ್ರಗಳಿಗೆ. ರಾಜರಾಜೇಶ್ವರಿನಗರ ಮತ್ತು ಮಸ್ಕಿಯ 2018ರ ಫಲಿತಾಂಶಗಳ ಮೇಲಿನ ತಕರಾರು ಅರ್ಜಿಗಳು ಆಗಿನ್ನೂ ಹೈಕೋರ್ಟಿನಲ್ಲಿದ್ದವು. ಸದಸ್ಯರು ಅನರ್ಹರಾಗಿ ಸ್ಥಾನ ತೆರವಾಗಿದ್ದರೂ, ಅವರ ಆಯ್ಕೆ ಸಿಂಧುವೋ ಅಸಿಂಧುವೋ ಎಂಬ ಪ್ರಶ್ನೆ ಇತ್ಯರ್ಥವಾಗಿರಲಿಲ್ಲ. ಅರ್ಜಿದಾರರೇ ಗೆದ್ದವರೆಂದು ನ್ಯಾಯಾಲಯ ಹೇಳಿಬಿಟ್ಟರೆ ಉಪಚುನಾವಣೆಗೆ ಅರ್ಥವೇ ಉಳಿಯುತ್ತಿರಲಿಲ್ಲ. ಎರಡು ಪದಗಳೂ ಒಂದೇ ಆಗಿದ್ದರೆ ಈ ಎರಡು ಕ್ಷೇತ್ರಗಳು ಕಾಯಬೇಕಾಗಿರಲಿಲ್ಲ.

ಅಂದಹಾಗೆ, ಆ ತಿಂಗಳುಗಳಲ್ಲಿ ಮನೆಮಾತಾದ ‘ಅನರ್ಹ ಶಾಸಕರು’ ಎಂಬ ಪ್ರಯೋಗ ನನಗೆ ಇಂದಿಗೂ ಒಗ್ಗಿಲ್ಲ. ಅನರ್ಹಗೊಂಡ ಮೇಲೆ ಅವರು ಶಾಸಕರಲ್ಲ. ಶಾಸಕರಾಗಿರುವವರನ್ನು ಅನರ್ಹರೆಂದರೆ ಅದು ಬೈಗುಳವಾಗುತ್ತದೆ. ‘ಅನರ್ಹಗೊಂಡವರು’ ಎಂದರೆ ಸಾಕಾಗಿತ್ತು.

‘ಅಸಿಂಧು’ ಪದದಲ್ಲೂ ಒಂದು ತೊಡಕಿದೆ. ಮೊದಲಿನಿಂದಲೇ ಸಿಂಧುವಲ್ಲ ಎಂಬ ಧ್ವನಿ ಅದಕ್ಕಿರುವುದರಿಂದ, ಆ ಸದಸ್ಯರು ಸದನದಲ್ಲಿ ಹಾಕಿದ ಮತಗಳೂ ಬಿದ್ದುಹೋದವೇ ಎಂಬ ಸಂಶಯ ಏಳುತ್ತದೆ. ಆದೇಶದ ದಿನಕ್ಕೆ ಮುಂಚೆ ಅವರು ಪಾಲ್ಗೊಂಡ ಕಲಾಪಗಳು ಅದರಿಂದಾಗಿ ಅಸಿಂಧುವಾಗುವುದಿಲ್ಲವೆಂದು ಅದೇ 1951ರ ಕಾಯ್ದೆಯ 107ನೇ ಕಲಂ ಸ್ಪಷ್ಟವಾಗಿ ಹೇಳಿದೆ. ವರದಿಗಾರರು ಇದನ್ನು ಒಂದು ಸಾಲಿನಲ್ಲಿ ಸೇರಿಸಿದರೆ ಓದುಗರಿಗೆ ಉಪಕಾರ.

ಉಳಿದದ್ದು ಮತಪತ್ರದ ಮಾತು. ವಿಧಾನ ಪರಿಷತ್ತಿನ ಪದವೀಧರ, ಶಿಕ್ಷಕರ ಕ್ಷೇತ್ರಗಳ ಎಣಿಕೆಯ ಸುದ್ದಿಗಳಲ್ಲಿ ‘ಕುಲಗೆಟ್ಟ ಮತ’ ಎಂಬ ಪ್ರಯೋಗ ಈಗಲೂ ಕಾಣಸಿಗುತ್ತದೆ. ಅಭ್ಯರ್ಥಿಗಳ ಹೆಸರಿನ ಮುಂದೆ ಬರೆಯಬೇಕಾದ 1, 2, 3 ಎಂಬ ಪ್ರಾಶಸ್ತ್ಯದ ಅಂಕಿಯನ್ನು ತಪ್ಪಾಗಿ ಬರೆದವರ ಮತಕ್ಕೆ ಕುಲದ ಕಳಂಕವನ್ನೇಕೆ ಹಚ್ಚಬೇಕು? ‘ತಿರಸ್ಕೃತ ಮತ’ ಎನ್ನಬಹುದು. ಆದರೆ ತಿರಸ್ಕರಿಸಿದ್ದೇ ತಪ್ಪೆಂಬ ತಕರಾರು ನ್ಯಾಯಾಲಯಕ್ಕೆ ಹೋದಾಗ, ಎಣಿಕೆಯಲ್ಲಿ ಬದಿಗಿಟ್ಟ ಮತವನ್ನೂ ನಿಜವಾಗಿ ಅಸಿಂಧುವಾದ ಮತವನ್ನೂ ಬೇರೆಬೇರೆಯಾಗಿ ಹೆಸರಿಸಬೇಕಾಗುತ್ತದೆ. ಮೊದಲನೆಯದಕ್ಕೆ ‘ತಿರಸ್ಕೃತ’, ಎರಡನೆಯದಕ್ಕೆ ‘ಅಸಿಂಧು’ ಎಂದು ಹಂಚಿಕೊಳ್ಳಬಹುದೇ? ಎಣಿಕೆ ಕೇಂದ್ರಗಳಲ್ಲಿ ಕೆಲಸ ಮಾಡಿದವರು, ನ್ಯಾಯಾಲಯದ ಕನ್ನಡ ಬಲ್ಲವರು ತಮ್ಮ ಬಳಕೆಯನ್ನು ತಿಳಿಸಬೇಕಾಗಿ ಕೋರುತ್ತೇನೆ.