ತಮ್ಮನನ್ನು ಕೇಂದ್ರದಿಂದ ಮನೆಗೆ ಕರ್ಕೊಂಡು ಬರಲಾ, ಅಲ್ಲೇ ಬಿಡಲಾ? (ಪುಣೆ)

ವಾರ್ಜೆ ಅಕ್ಕ, 9 ಮೇ 2021

ಎಲ್ಲರಿಗೂ ನಮಸ್ಕಾರ. ನಾವು ವಿಜಯಪುರದ ಕಡೆಯವರು, ಪುಣೆಗೆ ಬಂದು ಹದಿನಾರು ವರ್ಷ ಆಯಿತು. ನನ್ನ ತಮ್ಮನಿಗೆ 34 ವರ್ಷ, ಸ್ಕಿಜೋಫ್ರೇನಿಯಾ ಅನ್ನುವ ಮನೋರೋಗ ಇದೆ. ಎರಡು ವರ್ಷದಿಂದ ಊರಾಚೆಯ ಒಂದು ಖಾಸಗಿ ಪುನರ್ವಸತಿ ಕೇಂದ್ರದಲ್ಲಿ ಇದ್ದಾನೆ. ಮೊದಲು ಪ್ರತಿ ಭಾನುವಾರ ನಾನೂ ಅವ್ವನೂ ಶೇಂಗಾ ಹೋಳಿಗೆ ಕಟ್ಟಿಕೊಂಡು ಹೋಗುತ್ತಿದ್ದೆವು. ಹೋದ ವರ್ಷ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಭೇಟಿ ನಿಂತಿತು. ಡಿಸೆಂಬರ್‌ನಲ್ಲಿ ಎರಡು ಸಲ ಗೇಟಿನ ಆಚೆಯಿಂದ ನೋಡಿದೆವು, ಅಷ್ಟೇ. ಈಗ ಮತ್ತೆ ಬಂದ್.

ಹದಿನೈದು ದಿನಕ್ಕೊಮ್ಮೆ ಎರಡು ನಿಮಿಷ ಫೋನ್ ಕೊಡುತ್ತಾರೆ, ಅದೂ ಸ್ಪೀಕರ್ ಹಾಕಿ, ಪಕ್ಕದಲ್ಲಿ ಒಬ್ಬರು ನಿಂತಿರುತ್ತಾರೆ. ಹೋದ ವಾರ ಅಲ್ಲಿನ ಅಡುಗೆಯವರಿಗೆ ಕೊರೊನಾ ಪಾಸಿಟಿವ್ ಬಂದಿದೆ ಅಂತ ಬೇರೆಯವರಿಂದ ಗೊತ್ತಾಯಿತು. ಕೇಳಿದರೆ ‘ಸಗಳಂ ಠೀಕ್ ಆಹೇ’ (ಎಲ್ಲಾ ಸರಿ ಇದೆ) ಅನ್ನುತ್ತಾರೆ. ಮೊನ್ನೆ ತಮ್ಮ ಫೋನಲ್ಲಿ ಕೇಳಿದ್ದು ಒಂದೇ ಮಾತು, ‘ಅಕ್ಕಾ, ನನ್ನ ಮೇಲೆ ಸಿಟ್ಟಾಗಿದ್ದೀರಾ?’ ಅವತ್ತಿನಿಂದ ಅವ್ವ ಸರಿಯಾಗಿ ಊಟ ಮಾಡಿಲ್ಲ.

ನಮ್ಮದು ಒಂದು ಬೆಡ್‌ರೂಮಿನ ಮನೆ. ಇಬ್ಬರು ಮಕ್ಕಳು, ಅವ್ವನಿಗೆ 68, ಶುಗರ್ ಇದೆ. ತಮ್ಮ ಈ ಕಾಯಿಲೆಗೆ ಕ್ಲೋಜಪಿನ್ ಅನ್ನುವ ಮಾತ್ರೆ ತಗೋತಾನೆ, ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಆಗಬೇಕು. ಕರ್ಕೊಂಡು ಬರಲಾ? ಯಾರಾದರೂ ಇಂಥದ್ದನ್ನು ನೋಡಿದವರು ಹೇಳಿ.

ಧನಕವಡಿ_ಕನ್ನಡಿಗ, 9 ಮೇ

ಅಕ್ಕಾ, ಇವತ್ತೇ ಹೋಗಿ ಕರ್ಕೊಂಡು ಬನ್ನಿ. ನಮ್ಮವರು ನಮ್ಮ ಕಣ್ಣ ಮುಂದೆ ಇರಬೇಕು.

ಥಾಣೆಯಿಂದ, 9 ಮೇ

ಹಾಗೆ ಹೇಳಬೇಡಿ ಅಣ್ಣ. ನಾನು ಹೋದ ವರ್ಷ ಅದನ್ನೇ ಮಾಡಿದೆ. ಭಯದಲ್ಲಿ ಹೆಂಡತಿಯನ್ನು ಮನೆಗೆ ಕರೆತಂದೆ. ಮೊದಲ ತಿಂಗಳು ಚೆನ್ನಾಗಿತ್ತು. ಆಮೇಲೆ ಒಂದು ಮಾತ್ರೆ ನಮ್ಮ ಕಡೆ ಎಲ್ಲೂ ಸಿಗಲಿಲ್ಲ, ಹತ್ತು ದಿನ ತಪ್ಪಿತು, ರಾತ್ರಿಯೆಲ್ಲ ನಿದ್ದೆ ಇಲ್ಲ, ಬಾಗಿಲು ತೆಗೆದು ಹೊರಗೆ ಓಡುವುದು, ಬೀದಿಯಲ್ಲಿ ಪೊಲೀಸರು. ಮತ್ತೆ ಸೇರಿಸೋಣ ಅಂದರೆ ಒಂದು ಆಸ್ಪತ್ರೆಯವರು ಕೊರೊನಾ ಪರೀಕ್ಷೆಯ ವರದಿ ಬೇಕು ಅಂದರು. ಆ ಸ್ಥಿತಿಯಲ್ಲಿ ಅವಳ ಮೂಗಿಗೆ ಕಡ್ಡಿ ಹಾಕುವವರು ಯಾರು? ಮೂರು ದಿನ ಅಲೆದೆ. ಕರ್ಕೊಂಡು ಬರಬೇಡಿ ಅಂತ ಹೇಳುತ್ತಿಲ್ಲ. ವಾಪಸ್ ಹೋಗುವ ಹಾಸಿಗೆ ಇದೆಯಾ ಅಂತ ಮೊದಲು ಲಿಖಿತವಾಗಿ ಕೇಳಿ.

ನರ್ಸ್ ಅಕ್ಕ (ನಿವೃತ್ತ), 10 ಮೇ

ಮುಂಬೈಯಲ್ಲಿ 22 ವರ್ಷ ಮನೋರೋಗ ವಾರ್ಡಿನಲ್ಲಿ ಕೆಲಸ ಮಾಡಿದವಳು ನಾನು. ಸ್ವಲ್ಪ ಉದ್ದ ಬರೆಯುತ್ತೇನೆ, ಓದಿ ತಾಯಿ.

ನಿಮ್ಮ ಭಯ ಸುಮ್ನೆ ಅಲ್ಲ. 2020ರ ಫೆಬ್ರವರಿಯಲ್ಲಿ ದಕ್ಷಿಣ ಕೊರಿಯಾದ ಚಂಗ್‌ಡೋ ಅನ್ನುವ ಊರಿನ ಆಸ್ಪತ್ರೆಯಲ್ಲಿ, ಮುಚ್ಚಿದ ಮನೋರೋಗ ವಾರ್ಡಿನ ನೂರಕ್ಕೂ ಜಾಸ್ತಿ ರೋಗಿಗಳಲ್ಲಿ ಹೆಚ್ಚುಕಮ್ಮಿ ಎಲ್ಲರಿಗೂ ಕೊರೊನಾ ತಗುಲಿತು. ಆ ದೇಶದ ಮೊದಲ ಸಾವು ಆ ವಾರ್ಡಿನದ್ದೇ. ಇಂಥ ವಾರ್ಡಿನಲ್ಲಿ ಊಟ, ಸ್ನಾನ, ಟಿವಿ ಎಲ್ಲಾ ಒಟ್ಟಿಗೆ. ಕಿಟಕಿ ಪೂರ್ತಿ ತೆರೆಯುವುದಿಲ್ಲ. ಎಷ್ಟೋ ಜನ ಮೈ ಬಿಸಿಯಾದರೂ ಬಾಯಿಬಿಟ್ಟು ಹೇಳುವುದಿಲ್ಲ. ನಾವೇ ಹಣೆ ಮುಟ್ಟಿ ನೋಡಬೇಕು.

ಆದರೆ ಕ್ಲೋಜಪಿನ್ ವಿಷಯ ಬೇರೆ. ಈ ಮಾತ್ರೆಯಿಂದ ಕೆಲವರಲ್ಲಿ ಬಿಳಿ ರಕ್ತಕಣ ಇಳಿಯುತ್ತದೆ, ಅದಕ್ಕೇ ಆ ಪರೀಕ್ಷೆ. ಜ್ವರ, ಗಂಟಲು ನೋವು ಬಂದರೆ ‘ಕೊರೊನಾ ಇರಬೇಕು’ ಅಂತ ಬಿಡಬಾರದು, ಅವತ್ತೇ ರಕ್ತ ನೋಡಬೇಕು. ಸೋಂಕು ಬಂದಾಗ ರಕ್ತದಲ್ಲಿ ಮದ್ದಿನ ಮಟ್ಟ ತಾನಾಗಿ ಏರಬಹುದು, ಆಗ ಜೊಲ್ಲು, ಜಾಸ್ತಿ ಮಂಪರು ಕಾಣುತ್ತದೆ. ಇನ್ನೊಂದು, ತಮ್ಮನಿಗೆ ಬೀಡಿ ಸಿಗರೇಟು ಅಭ್ಯಾಸ ಇತ್ತಾ? ಅಲ್ಲಿ ಬಿಟ್ಟು ಮನೆಗೆ ಬಂದು ಶುರು ಮಾಡಿದರೆ ಹೊಗೆಯಿಂದ ಮದ್ದಿನ ಮಟ್ಟ ಇಳಿದು ಅದೇ ಡೋಸ್ ಸಾಕಾಗದೆ ಹೋಗಬಹುದು. ಎರಡು ದಿನ ಮಾತ್ರೆ ತಪ್ಪಿದರೆ ಹಳೇ ಡೋಸನ್ನು ನೇರವಾಗಿ ಕೊಡಬಾರದು, ಡಾಕ್ಟರ್ ಕೇಳಿ ಕಡಿಮೆಯಿಂದ ಶುರು ಮಾಡಬೇಕು. ಇಷ್ಟನ್ನು ಮನೆಯಲ್ಲಿ ನೋಡಿಕೊಳ್ಳಲು ಆಗುತ್ತಾ ಅಂತ ಯೋಚಿಸಿ. ನನ್ನ ಮನಸ್ಸು ಹೇಳುವುದು, ಅವ್ವನ ಶುಗರ್, ಒಂದೇ ಕೋಣೆ ನೋಡಿದರೆ ಸದ್ಯ ಅವನು ಅಲ್ಲೇ ಇರಲಿ.

ಫೋನ್ ವಿಷಯದಲ್ಲಿ ಮಾತ್ರ ಸುಮ್ಮನಿರಬೇಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 26ನೇ ಸೆಕ್ಷನ್ ಪ್ರಕಾರ ಒಳಗಿರುವವರಿಗೆ ಸರಿಯಾದ ಹೊತ್ತಿನಲ್ಲಿ ಫೋನ್ ಮಾಡುವ, ಭೇಟಿ ಪಡೆಯುವ ಹಕ್ಕಿದೆ. ಸಂಸ್ಥೆಯ ನಿಯಮಕ್ಕೆ ಒಳಪಟ್ಟು ಅಂತಲೂ ಅದರಲ್ಲಿದೆ. ಅದಕ್ಕೇ ಗೇಟು ಮುಚ್ಚಿದ್ದನ್ನು ನಾನು ಒಪ್ಪುತ್ತೇನೆ, ಬಾಯಿ ಮುಚ್ಚಿಸುವುದನ್ನು ಒಪ್ಪುವುದಿಲ್ಲ. ವಾರಕ್ಕೆ ಎರಡು ವಿಡಿಯೋ ಕಾಲ್ ಬೇಕು ಅಂತ ಪತ್ರ ಬರೆದು ಕೊಡಿ. ‘ಹೇಗಿದ್ದಾನೆ’ ಅಂತ ಕೇಳಿದರೆ ‘ಠೀಕ್’ ಅಂತಲೇ ಉತ್ತರ ಬರುವುದು. ಇವತ್ತು ಜ್ವರ ಎಷ್ಟು, ಆಕ್ಸಿಜನ್ ಎಷ್ಟು, ಕೊನೇ ರಕ್ತ ಪರೀಕ್ಷೆ ಯಾವಾಗ, ಪಾಸಿಟಿವ್ ಬಂದವರನ್ನು ಎಲ್ಲಿ ಇಟ್ಟಿದ್ದೀರಿ ಅಂತ ಕೇಳಿ. ಬೇರೆ ಇಡುವುದು ಅಂದರೆ ಒಂಟಿ ಕೋಣೆಗೆ ಹಾಕಿ ಬೀಗ ಜಡಿಯುವುದಲ್ಲ, ಕಾಯ್ದೆ ಏಕಾಂತ ಬಂಧನವನ್ನು ನಿಷೇಧಿಸಿದೆ.

ಮತ್ತೆ, ಅಕ್ಕ ಯಾಕೆ ಬರುತ್ತಿಲ್ಲ ಅಂತ ನಿಮ್ಮ ತಮ್ಮನಿಗೆ ಯಾರೂ ಸರಿಯಾಗಿ ಹೇಳಿಲ್ಲ. ನೀವೇ ಹೇಳಿ. ಕಾಲ್ ಬಂದಾಗಲೆಲ್ಲ ಹೇಳಿ.

ಧನಕವಡಿ_ಕನ್ನಡಿಗ, 10 ಮೇ

ನಾನು ಅವಸರದಲ್ಲಿ ಬರೆದೆ ಅಕ್ಕಾ, ಕ್ಷಮಿಸಿ. ನಿಮ್ಮ ಪತ್ರ ಮರಾಠಿಯಲ್ಲಿ ಬೇಕಿದ್ದರೆ ನಾನು ಬರೆದು ಕೊಡುತ್ತೇನೆ.

ವಾರ್ಜೆ ಅಕ್ಕ, 14 ಸೆಪ್ಟೆಂಬರ್ 2021

ಇಷ್ಟು ದಿನ ಬರೆಯಲಾಗಲಿಲ್ಲ. ತಮ್ಮ ಅಲ್ಲೇ ಇದ್ದಾನೆ. ಮೇ ಕೊನೆಗೆ ಅವನಿಗೂ ಪಾಸಿಟಿವ್ ಬಂತು. ಜ್ವರ ಬಂದ ದಿನವೇ ರಕ್ತ ನೋಡಿ ಅಂತ ನಾನು ಹಟ ಹಿಡಿದೆ, ನೋಡಿದರು. ಮಂಪರು ಜಾಸ್ತಿ ಆಗಿತ್ತು, ಡಾಕ್ಟರ್ ಡೋಸ್ ಕಡಿಮೆ ಮಾಡಿ ಆಮೇಲೆ ನಿಧಾನವಾಗಿ ಏರಿಸಿದರು. ಮರಾಠಿ ಪತ್ರ ಕೊಟ್ಟ ಮೇಲೆ ಬುಧವಾರ, ಭಾನುವಾರ ವಿಡಿಯೋ ಕಾಲ್ ಬರುತ್ತಿದೆ. ಅವ್ವ ಫೋನಿಗೆ ಹೋಳಿಗೆ ತೋರಿಸುತ್ತಾಳೆ, ಅವನು ಬೈಯುತ್ತಾನೆ. ಆ ಬೈಗುಳ ಕೇಳಿ ನನಗೆ ಜೀವ ಬಂತು.

ಇಲ್ಲಿ ಮಹಾರಾಷ್ಟ್ರದಲ್ಲಿ ಗುಣವಾದವರನ್ನು ಮಾನಸಿಕ ಆಸ್ಪತ್ರೆಗಳಿಂದ ಭಿಕ್ಷುಕರ ಮನೆಗೆ, ವೃದ್ಧಾಶ್ರಮಕ್ಕೆ ಸಾಗಿಸುತ್ತಿದ್ದಾರೆ ಅನ್ನುವುದನ್ನು ಜುಲೈನಲ್ಲಿ ಸುಪ್ರೀಂ ಕೋರ್ಟ್ ನಿಲ್ಲಿಸಲು ಹೇಳಿತಲ್ಲ, ಆ ಸುದ್ದಿ ಓದಿ ನಿದ್ದೆ ಬರಲಿಲ್ಲ. ಅವರಿಗೆ ಫೋನ್ ಮಾಡುವ ಅಕ್ಕಂದಿರು ಯಾರೂ ಇರಲಿಲ್ಲ ಅನಿಸುತ್ತದೆ. ಈ ತಿಂಗಳು ಅದೇ ಕೋರ್ಟ್ ಒಳಗಿರುವವರಿಗೆಲ್ಲ ಲಸಿಕೆ ಬೇಗ ಆಗಬೇಕು ಅಂದಿದೆ.

ತಮ್ಮನಿಗೆ ಕೋವಿಶೀಲ್ಡ್ ಮೊದಲ ಡೋಸ್ ಆಗಸ್ಟ್ 20ಕ್ಕೆ ಆಯಿತು. ಎರಡನೆಯದು 84 ದಿನ ಆದಮೇಲೆ, ಅಂದರೆ ನವೆಂಬರ್‌ನಲ್ಲಿ. ನರ್ಸ್ ಅಕ್ಕಾ, ಲಸಿಕೆಯಿಂದ ಜ್ವರ ಬಂದರೂ ರಕ್ತ ಪರೀಕ್ಷೆ ಮಾಡಿಸಬೇಕಾ, ಒಂದು ದಿನ ಕಾಯಬಹುದಾ?

ನರ್ಸ್ ಅಕ್ಕ (ನಿವೃತ್ತ), 14 ಸೆಪ್ಟೆಂಬರ್

ಕಾಯಬೇಡಿ ತಾಯಿ, ಮಾಡಿಸಿ.