ಬೆಳಗಿನ ಜಾವ ಡ್ಯೂಟಿಗೆ ಹೊರಡುವ ಅಪ್ಪ: ಬಾಗಿಲಿಗೆ ಬೀಗ ಹಾಕುವುದು ಸರಿಯೇ?

ಪ್ರಶ್ನೆ

ಮೇಡಂ, ನಮ್ಮ ತಂದೆಗೆ 76 ವರ್ಷ. ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು. ಅಲ್ಜೈಮರ್ ಕಾಯಿಲೆ ಇದೆ. ಹಾಸನದ ಮನೆ ಬಿಟ್ಟು ಬೆಂಗಳೂರಿಗೆ, ನಮ್ಮ ಜೊತೆ ಇರಲು ಬಂದ ಮೇಲೆ ಹೊಸ ತೊಂದರೆ ಶುರುವಾಗಿದೆ. ಬೆಳಗಿನ ಜಾವ 4.30ಕ್ಕೆ ಎದ್ದು, ಅಂಗಿ ತೊಟ್ಟು, ‘ಗಾಡಿ ಹೊರಡುವ ಹೊತ್ತಾಯಿತು, ವೇಬಿಲ್ (ಟಿಕೆಟ್ ಲೆಕ್ಕದ ಹಾಳೆ) ಎಲ್ಲಿ?’ ಎನ್ನುತ್ತಾ ಬಾಗಿಲು ತೆಗೆಯುತ್ತಾರೆ. ಹೋದ ವಾರ ಹೊರಟೇಬಿಟ್ಟಿದ್ದರು. ಮುಖ್ಯರಸ್ತೆಯ ಬಸ್ ನಿಲ್ದಾಣದಲ್ಲಿ ಕುಳಿತಿದ್ದವರನ್ನು ಹಾಲಿನವರು ಗುರುತಿಸಿ ಕರೆತಂದರು. ಅಮ್ಮ ಈಗ ಬಾಗಿಲಿಗೆ ಅಡ್ಡಲಾಗಿ ಚಾಪೆ ಹಾಸಿ ಮಲಗುತ್ತಾರೆ. ಹೊರಗಿನಿಂದ ಬೀಗ ಹಾಕಿಸಲೇ? ನನ್ನ ತಮ್ಮ ‘ನಿದ್ರೆ ಮಾತ್ರೆ ಕೊಡಿಸು’ ಎನ್ನುತ್ತಾನೆ.

ಉತ್ತರ (ವೃದ್ಧರ ಆರೋಗ್ಯ ತಜ್ಞೆ)

ನಿಮ್ಮ ತಂದೆ ದಿಕ್ಕಿಲ್ಲದೆ ಅಲೆಯುತ್ತಿಲ್ಲ, ಡ್ಯೂಟಿಗೆ ಹೋಗುತ್ತಿದ್ದಾರೆ. ಹೊತ್ತು, ಅಂಗಿ, ವೇಬಿಲ್, ಬಸ್ ನಿಲ್ದಾಣ ಎಲ್ಲವೂ ಅದನ್ನೇ ಹೇಳುತ್ತಿವೆ. ಬೀಗದ ಮಾತು ಆಮೇಲೆ.

‘ನಿಮಗೆ ನಿವೃತ್ತಿಯಾಗಿ ಎಷ್ಟು ವರ್ಷವಾಯಿತು ಗೊತ್ತೇ’ ಎಂದು ವಾದಕ್ಕಿಳಿಯಬೇಡಿ. ನಿಮಗೆ ಅದು ಹಳೆಯ ಸಂಗತಿ, ಅವರಿಗೆ ಪ್ರತಿ ಸಲವೂ ಹೊಸ ಆಘಾತ. ಸಿಟ್ಟು ಏರುತ್ತದೆ, ಚಿಲಕ ಇನ್ನೂ ಜೋರಾಗಿ ಜಗ್ಗುತ್ತಾರೆ. ‘ಇವತ್ತು ನಿಮಗೆ ವಾರದ ರಜೆ’ ಎನ್ನಿ. ಅಥವಾ ‘ಗಾಡಿ ಬರುವುದು ತಡವಂತೆ, ಕಾಫಿ ಕುಡಿದು ಹೊರಡಿ’ ಎಂದು ಕೂರಿಸಿ. ತಂದೆಗೆ ಸುಳ್ಳು ಹೇಳುವುದೇ ಎಂದು ಹಲವರು ನನ್ನನ್ನು ಕೇಳುತ್ತಾರೆ. ನನಗಂತೂ ಇದರಲ್ಲಿ ಅಳುಕಿಲ್ಲ. ಕೈಗೊಂದು ಹಳೆಯ ಚರ್ಮದ ಚೀಲ, ಒಂದಿಷ್ಟು ಚಿಲ್ಲರೆ ಕೊಟ್ಟು ಲೆಕ್ಕ ಮಾಡಲು ಹೇಳಿ ನೋಡಿ. ಬೆಳಕು ಹರಿದ ಮೇಲೆ ಯಾರಾದರೂ ಜೊತೆಗೂಡಿ ಒಂದು ಸುತ್ತು ನಡೆಸಿಕೊಂಡು ಬನ್ನಿ. ಹಗಲು ಕಾಲು ಆಡದವರು ರಾತ್ರಿ ಓಡಾಡುತ್ತಾರೆ.

ಇದು ಕೆಲವೇ ದಿನಗಳಲ್ಲಿ ದಿಢೀರನೆ ಶುರುವಾಗಿದ್ದರೆ ತಡ ಮಾಡದೆ ವೈದ್ಯರಿಗೆ ತೋರಿಸಿ. ಮೂತ್ರದ ಸೋಂಕು, ಮಲಬದ್ಧತೆ, ಬಾಯಿಬಿಟ್ಟು ಹೇಳಲಾಗದ ನೋವು ಇವೆಲ್ಲ ಗಲಿಬಿಲಿಯನ್ನು ಹೆಚ್ಚಿಸುತ್ತವೆ. ಮರೆವಿಗೆ ಕೊಡುವ ಡೊನೆಪೆಜಿಲ್ ಅನ್ನು ರಾತ್ರಿ ತೆಗೆದುಕೊಂಡರೆ ಕೆಲವರಿಗೆ ನಿದ್ರೆ ಕೆಡುತ್ತದೆ, ವಿಪರೀತ ಕನಸು ಬೀಳುತ್ತದೆ. ಬೆಳಗಿನ ಹೊತ್ತಿಗೆ ಬದಲಿಸಬಹುದೇ ಎಂದು ಬರೆದುಕೊಟ್ಟವರನ್ನೇ ಕೇಳಿ. ಇನ್ನೊಂದು ಸಾಧ್ಯತೆ: ಹೊಸ ಮನೆಯಲ್ಲಿ ಬಚ್ಚಲು ಹುಡುಕುತ್ತಾ ಬೀದಿ ಬಾಗಿಲು ತೆಗೆದಿರಬಹುದು. ರಾತ್ರಿ ಬಚ್ಚಲಿನ ದೀಪ ಉರಿಯುತ್ತಿರಲಿ, ಅದರ ಬಾಗಿಲು ತೆರೆದೇ ಇರಲಿ.

ನಿದ್ರೆ ಮಾತ್ರೆ ಬೇಡ. ಅರೆನಿದ್ರೆಯಲ್ಲಿ ಎದ್ದು ಬಿದ್ದರೆ ಸೊಂಟದ ಮೂಳೆ ಮುರಿಯುತ್ತದೆ. ಮಂಪರು ತರಿಸುವ ನೆಗಡಿ, ಅಲರ್ಜಿ ಮಾತ್ರೆಗಳೂ ಇವರಿಗೆ ಆಗಿಬರುವುದಿಲ್ಲ.

ಬೀಗದ ವಿಚಾರ. ಒಬ್ಬರನ್ನೇ ಒಳಗೆ ಬಿಟ್ಟು ಹೊರಗಿನಿಂದ ಬೀಗ ಹಾಕುವುದು ಎಂದಿಗೂ ಕೂಡದು, ಬೆಂಕಿ ಹೊತ್ತಿಕೊಂಡರೆ ಗತಿಯೇನು? ಮನೆಯವರು ಒಳಗಿರುವಾಗ ಬಾಗಿಲಿನ ತೀರಾ ಮೇಲೆ ಅಥವಾ ತೀರಾ ಕೆಳಗೆ ಇನ್ನೊಂದು ಚಿಲಕ ಇರಲಿ. ಅಭ್ಯಾಸವಾದ ಎತ್ತರದಲ್ಲಿ ಇಲ್ಲದ್ದು ಸಾಮಾನ್ಯವಾಗಿ ಅವರ ಕಣ್ಣಿಗೆ ಬೀಳುವುದಿಲ್ಲ. ಗೋಡೆಯ ಬಣ್ಣದ್ದೇ ಪರದೆಯನ್ನು ಬಾಗಿಲಿಗೆ ಇಳಿಬಿಡಿ. ತೆರೆದಾಗ ಸದ್ದು ಮಾಡುವ ಗಂಟೆ ಕಟ್ಟಿದರೆ ಅಮ್ಮ ಚಾಪೆ ಸುತ್ತಿಟ್ಟು ಮಂಚಕ್ಕೆ ಹೋಗಬಹುದು. ಚಪ್ಪಲಿ, ಛತ್ರಿ ಬಾಗಿಲ ಬಳಿ ಕಾಣದಿರಲಿ. ಚಪ್ಪಲಿ ಕಂಡರೆ ಹೊರಡುವ ನೆನಪಾಗುತ್ತದೆ. ಸಂಪಿನ ಮುಚ್ಚಳಕ್ಕೂ ತಾರಸಿಯ ಬಾಗಿಲಿಗೂ ಇವತ್ತೇ ಬೀಗ ಬೀಳಲಿ, ಅದಕ್ಕೆ ಯೋಚನೆಯೇ ಬೇಡ.

ನಿಮ್ಮ ತಂದೆಯ ವಿಷಯದಲ್ಲಿ ನನಗೆ ಹೆಚ್ಚು ಭಯ ಅವರು ಬಸ್ ಹತ್ತಿಬಿಟ್ಟಾರು ಎಂಬುದು. ಮೂಲೆ ಅಂಗಡಿ, ಆಟೋ ನಿಲ್ದಾಣ, ಹತ್ತಿರದ ಬಸ್ ನಿಲ್ದಾಣದ ಸಂಚಾರ ನಿಯಂತ್ರಕರು ಎಲ್ಲರಿಗೂ ಫೋಟೊ ತೋರಿಸಿ, ಕಾಯಿಲೆಯ ಹೆಸರು ಹೇಳಿಯೇ ಹೇಳಿ. ಮರ್ಯಾದೆ ಹೋಗುತ್ತದೆಂದು ಮುಚ್ಚಿಡುವ ಮನೆಗಳಲ್ಲಿ ಹುಡುಕಾಟ ಕಷ್ಟ. ನಿಮ್ಮ ಫೋನ್ ಸಂಖ್ಯೆಯನ್ನು ಎಲ್ಲ ಅಂಗಿಗಳ ಕಾಲರಿನ ಒಳಬದಿಗೆ ಹೊಲಿಸಿ. ಜೇಬಿನ ಚೀಟಿ ಬಿದ್ದುಹೋಗುತ್ತದೆ.

ಸದಸ್ಯರೊಬ್ಬರ ಪ್ರಶ್ನೆ

ಕಾಣೆಯಾದರೆ 24 ಗಂಟೆ ಕಾದು ದೂರು ಕೊಡಬೇಕಂತೆ, ಹೌದೇ?

ಉತ್ತರ

ಅಂಥ ನಿಯಮವೇ ಇಲ್ಲ. ಮೊದಲು ಮನೆಯೊಳಗೆ ನೋಡಿ: ಬಚ್ಚಲು, ತಾರಸಿ, ನಿಲ್ಲಿಸಿದ ಕಾರು. ಆಮೇಲೆ ನೀರಿರುವ ಕಡೆ. ಹದಿನೈದು ನಿಮಿಷದಲ್ಲಿ ಸಿಗದಿದ್ದರೆ 112ಕ್ಕೆ ಕರೆ ಮಾಡಿ, ಮರೆವಿನ ಕಾಯಿಲೆಯವರು ಎಂದು ಮೊದಲ ಮಾತಿನಲ್ಲೇ ತಿಳಿಸಿ. ಒಬ್ಬರು ಮನೆಯಲ್ಲೇ ಇರಲಿ, ತಾವಾಗಿಯೇ ಮರಳುವುದೂ ಉಂಟು. ಹೆಸರು ಕೂಗಿದರೆ ಓಗೊಡುತ್ತಾರೆ ಎಂದು ನಂಬಬೇಡಿ, ಎಷ್ಟೋ ಜನ ಪೊದೆಯ ಮರೆಯಲ್ಲಿ ಸುಮ್ಮನೆ ಕುಳಿತಿರುತ್ತಾರೆ. ದಿನಾ ಬೆಳಿಗ್ಗೆ ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಂಡರೆ ಅಂದು ಉಟ್ಟ ಬಟ್ಟೆ ಯಾವುದೆಂದು ತಡಕಾಡುವುದು ತಪ್ಪುತ್ತದೆ.

ಇನ್ನೊಬ್ಬರ ಪ್ರಶ್ನೆ

ಎಲ್ಲಿದ್ದಾರೆಂದು ತೋರಿಸುವ ಸಾಧನಗಳು ಕೆಲಸಕ್ಕೆ ಬರುತ್ತವೆಯೇ?

ಉತ್ತರ

ಬರುತ್ತವೆ, ಆದರೆ ಎರಡು ಬಗೆ ಇವೆ. ಬ್ಲೂಟೂತ್ ಬಿಲ್ಲೆ ಅಗ್ಗ, ಆದರೆ ಅಕ್ಕಪಕ್ಕ ಜನರ ಮೊಬೈಲ್ ಇದ್ದರೆ ಮಾತ್ರ ಅದರ ಸುಳಿವು. ತೋಟದ ದಾರಿಯಲ್ಲಿ ನಿಷ್ಪ್ರಯೋಜಕ. ಸಿಮ್ ಇರುವ ಜಿಪಿಎಸ್ ಸಾಧನಕ್ಕೆ ಆಗಾಗ ಚಾರ್ಜ್ ಮಾಡುತ್ತಿರಬೇಕು. ಜೀವನವಿಡೀ ಕೈಗಡಿಯಾರ ಕಟ್ಟಿದವರಿಗೆ ಗಡಿಯಾರದ ರೂಪದ್ದೇ ಕೊಡಿಸಿ, ಕಿತ್ತೆಸೆಯುವುದು ಕಡಿಮೆ.

ಮತ್ತೊಬ್ಬರ ಪ್ರಶ್ನೆ

ನಮ್ಮ ಅತ್ತೆ ನಲವತ್ತು ವರ್ಷ ಇದೇ ಮನೆಯಲ್ಲಿದ್ದವರು. ಸಂಜೆಯಾದರೆ ‘ಮನೆಗೆ ಹೋಗಬೇಕು’ ಎಂದು ಗಂಟು ಕಟ್ಟುತ್ತಾರೆ.

ಉತ್ತರ

ಬಹುಶಃ ಅವರಿಗೆ ಬೇಕಿರುವುದು ತವರು. ಮಬ್ಬುಗತ್ತಲಲ್ಲಿ ಕಳವಳ ಹೆಚ್ಚುವುದು ಈ ಕಾಯಿಲೆಯಲ್ಲಿ ಸಾಮಾನ್ಯ. ಕತ್ತಲಾಗುವ ಮೊದಲೇ ದೀಪ ಹಾಕಿ, ನಾಲ್ಕು ಗಂಟೆಗೆ ತಿಂಡಿ ಕೊಡಿ, ಮಧ್ಯಾಹ್ನದ ನಿದ್ರೆ ಚಿಕ್ಕದಾಗಿರಲಿ. ‘ಇದೇ ನಿಮ್ಮ ಮನೆ’ ಎನ್ನುವ ಬದಲು ‘ನಿಮ್ಮ ತವರಿನಲ್ಲಿ ಹಸು ಎಷ್ಟಿದ್ದವು?’ ಎಂದು ಕೇಳಿ. ಗಂಟು ಪಕ್ಕಕ್ಕಿಟ್ಟು ಮಾತಿಗೆ ಕೂರುವ ಸಾಧ್ಯತೆಯೇ ಹೆಚ್ಚು.

ಮೊದಲ ಪ್ರಶ್ನೆ ಕೇಳಿದವರು

ಧನ್ಯವಾದ ಮೇಡಂ. ಅಮ್ಮ ಮಂಚಕ್ಕೆ ಹೋಗಲು ಒಪ್ಪುತ್ತಿಲ್ಲ.

ಉತ್ತರ

ಹಾಗಾದರೆ ಸರದಿ ಹಾಕಿ. ವಾರದಲ್ಲಿ ಮೂರು ರಾತ್ರಿ ನಿಮ್ಮದು, ಎರಡು ತಮ್ಮನದು. ಮಾತ್ರೆ ಸೂಚಿಸಿದವರು ಒಂದು ರಾತ್ರಿ ಎದ್ದು ನೋಡಲಿ. ಅಮ್ಮನ ರಕ್ತದೊತ್ತಡವನ್ನೂ ಪರೀಕ್ಷಿಸಿ. ಅವರಿಗೆ ಮನಸ್ಸು ತೀರಾ ಭಾರವಾದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಹಿರಿಯರ ಸಹಾಯವಾಣಿ 14567ನ್ನೂ ಗೋಡೆಯ ಮೇಲೆ ಬರೆದಿಡಿ.