ವಿಮಾನ ಕಾರ್ಖಾನೆಯಲ್ಲಿ ಅಪ್ರೆಂಟಿಸ್: ನಿಮ್ಮ ಪ್ರಶ್ನೆ, ಎಂಜಿನಿಯರ್ ಉತ್ತರ

ಗುಂಪಿನ ನಿರ್ವಾಹಕರು: ಈ ವಾರ ಉತ್ತರಿಸುತ್ತಿರುವವರು ಬೆಂಗಳೂರಿನಲ್ಲಿ ವಿಮಾನ ತಯಾರಿಕೆಯಲ್ಲಿರುವ ನಮ್ಮ ಸದಸ್ಯೆ. ಮೆಕ್ಯಾನಿಕಲ್ ಪದವಿಯ ನಂತರ ಒಂದು ವರ್ಷ ಅಪ್ರೆಂಟಿಸ್ (ಕಾರ್ಖಾನೆಯಲ್ಲೇ ಕೆಲಸ ಕಲಿಯುವ ತರಬೇತಿಗಾರ್ತಿ) ಆಗಿದ್ದರು. ಈಗ ರೆಕ್ಕೆ ಮತ್ತು ಒಡಲನ್ನು ಜೋಡಿಸುವ ಕಾರ್ಖಾನೆ ವಿಭಾಗದಲ್ಲಿ, ಅಂದರೆ ಶಾಪ್‌ನಲ್ಲಿ ತಯಾರಿಕಾ ಎಂಜಿನಿಯರ್. ಕಂಪನಿಯ ಹೆಸರು ಕೇಳಬಾರದೆಂದು ವಿನಂತಿ.

ದಾವಣಗೆರೆಯ ಬಿ.ಇ. ವಿದ್ಯಾರ್ಥಿ: ನಮಸ್ಕಾರ ಮೇಡಂ. ಅಪ್ರೆಂಟಿಸ್ ಆದವರಿಗೆ ವಿಮಾನ ಮುಟ್ಟಲು ಬಿಡುತ್ತಾರೆಯೇ, ಅಥವಾ ಫೈಲು ಹೊರುವುದೇ ಕೆಲಸವೇ?

ಉತ್ತರ: ಆರಂಭದಲ್ಲಿ ಬಿಡುವುದಿಲ್ಲ, ಬಿಡಲೂಬಾರದು. ಕ್ಯಾಮೆರಾ ಇರುವ ಮೊಬೈಲನ್ನು ಸಾಮಾನ್ಯವಾಗಿ ಗೇಟಿನಲ್ಲೇ ಕೊಟ್ಟು ಬರಬೇಕು. ಉಂಗುರ, ಕೈಗಡಿಯಾರ ಶಾಪ್‌ನ ಹೊರಗೇ ಉಳಿಯಬೇಕು. ಆಮೇಲೆ ನಿಮ್ಮ ಕೈಗೆ ಬರುವುದು ಅಲ್ಯೂಮಿನಿಯಂ ತಗಡಿನ ಎರಡು ತುಂಡುಗಳು. ರಂಧ್ರ ಕೊರೆಯಿರಿ, ತಗಡುಗಳನ್ನು ಹಿಡಿದಿಡುವ ಲೋಹದ ಮೊಳೆಯಾದ ರಿವೆಟ್ ಹೊಡೆಯಿರಿ, ಕಿತ್ತು ಮತ್ತೆ ಹೊಡೆಯಿರಿ. ನಾಲ್ಕು ವರ್ಷ ಎಂಜಿನಿಯರಿಂಗ್ ಓದಿದ್ದು ಇದಕ್ಕೇನಾ ಎಂದು ಗೊಣಗುವವರು ಪ್ರತಿ ಬ್ಯಾಚಿನಲ್ಲೂ ಇರುತ್ತಾರೆ. ನನ್ನ ಅಭಿಪ್ರಾಯದಲ್ಲಿ ಇಡೀ ವರ್ಷದಲ್ಲಿ ಕಲಿಯಲು ಅತಿ ಹೆಚ್ಚು ಸಿಗುವುದು ಅಲ್ಲೇ.

ಒಂದು ರಂಧ್ರವನ್ನೇ ನೋಡಿ. 1/8 ಅಂಗುಲದ ರಿವೆಟ್‌ಗೆ 30ನೇ ನಂಬರಿನ ಡ್ರಿಲ್ ಬೇಕು. ರಿವೆಟ್‌ಗಿಂತ ರಂಧ್ರ ಕೂದಲೆಳೆಯಷ್ಟು ದೊಡ್ಡದು. ಡ್ರಿಲ್ ತುಸು ವಾಲಿದರೂ ರಿವೆಟ್ಟಿನ ತಲೆ ತಗಡಿಗೆ ಕೂಡುವುದಿಲ್ಲ, ಒಂದು ಕಡೆ ಸಂದಿ ಉಳಿಯುತ್ತದೆ. ತಗಡಿನ ಅಂಚಿನಿಂದ ರಂಧ್ರದ ಮಧ್ಯಕ್ಕೆ ರಿವೆಟ್ ವ್ಯಾಸದ ಸುಮಾರು ಎರಡರಷ್ಟಾದರೂ ದೂರವಿರಬೇಕು. ಇಲ್ಲದಿದ್ದರೆ ಭಾರ ಬಿದ್ದಾಗ ಅಂಚೇ ಹರಿಯುತ್ತದೆ. ಕೊರೆದ ಮೇಲೆ ತಗಡುಗಳನ್ನು ಬಿಚ್ಚಿ, ನಡುವೆ ಸಿಕ್ಕ ಚೂರು ಒರೆಸಿ, ರಂಧ್ರದ ಬಾಯಿಯ ಚೂಪು ಅಂಚು (ಬರ್) ತೆಗೆದು, ಕ್ಲೀಕೊ ಎಂಬ ತಾತ್ಕಾಲಿಕ ಪಿನ್ ಹಾಕಿ ಮತ್ತೆ ಬಿಗಿಯಬೇಕು. ನಂತರ ಒಬ್ಬರು ಈಚೆಯಿಂದ ರಿವೆಟ್ ಹೊಡೆಯುವ ಗನ್ ಹಿಡಿದರೆ ಇನ್ನೊಬ್ಬರು ಆಚೆಯಿಂದ ಬಕ್ಕಿಂಗ್ ಬಾರ್ ಎಂಬ ಭಾರದ ಲೋಹದ ತುಂಡು ಒತ್ತಿ ನಿಲ್ಲುತ್ತಾರೆ. ಒಬ್ಬರ ಮುಖ ಇನ್ನೊಬ್ಬರಿಗೆ ಕಾಣುವುದಿಲ್ಲ, ಸದ್ದಿನಲ್ಲಿ ಮಾತೂ ಕೇಳುವುದಿಲ್ಲ. ಬಾರ್‌ನಿಂದ ತಟ್ಟಿದ ಲೆಕ್ಕವೇ ಭಾಷೆ: ಸಾಕು, ಇನ್ನೂ ಹೊಡಿ, ಕೆಟ್ಟಿತು. ಈ ಸಂಕೇತ ಶಾಪ್‌ನಿಂದ ಶಾಪ್‌ಗೆ ಬೇರೆಯಾಗಬಹುದು, ಹೋದ ದಿನವೇ ಕೇಳಿಕೊಳ್ಳಿ. ಆಚೆ ಬದಿಯಲ್ಲಿ ಮೂಡುವ ತಲೆಯ ಅಗಲ ರಿವೆಟ್ ವ್ಯಾಸದ ಒಂದೂವರೆಯಷ್ಟು, ಎತ್ತರ ಅರ್ಧದಷ್ಟು ಇರಬೇಕು. ಹೆಚ್ಚು ಹೊಡೆದರೆ ಚಪ್ಪಟೆಯಾಗಿ ಬಿರುಕು ಬಿಡುತ್ತದೆ. ಕೆಟ್ಟದ್ದನ್ನು ಕೊರೆದು ತೆಗೆಯುವಾಗ ರಂಧ್ರ ಹಿಗ್ಗಿದರೆ ದೊಡ್ಡ ರಿವೆಟ್ ಬೇಕು, ಅದಕ್ಕೆ ವಿನ್ಯಾಸ ವಿಭಾಗದ ಲಿಖಿತ ಒಪ್ಪಿಗೆ ಬೇಕು.

ಇಷ್ಟೆಲ್ಲ ಕಟ್ಟುನಿಟ್ಟು ಏಕೆ? 1985ರ ಆಗಸ್ಟ್ 12ರಂದು ಜಪಾನ್ ಏರ್‌ಲೈನ್ಸ್‌ನ 123 ಸಂಖ್ಯೆಯ ವಿಮಾನ ಬಿದ್ದು 520 ಜನ ಸತ್ತರು. ಏಳು ವರ್ಷ ಹಿಂದೆ ಅದೇ ವಿಮಾನದ ಬಾಲದ ಭಾಗ ರನ್‌ವೇಗೆ ಉಜ್ಜಿತ್ತು. ಹಿಂಬದಿಯ ಒತ್ತಡ ತಡೆಯುವ ಗೋಡೆಯನ್ನು ದುರಸ್ತಿ ಮಾಡುವಾಗ ಜೋಡಣೆಯ ತಗಡನ್ನು ತುಂಡು ಮಾಡಿ ಕೂರಿಸಿದ್ದರಿಂದ, ಎರಡು ಸಾಲು ರಿವೆಟ್ ಹೊರಬೇಕಾದ ಭಾರವನ್ನು ಒಂದು ಸಾಲು ಹೊತ್ತಿತು. ಹೊರಗಿನಿಂದ ನೋಡಿದವರಿಗೆ ಅದು ಕಾಣುವಂತಿರಲಿಲ್ಲ. ಹಾಗಾಗಿಯೇ ಪ್ರತಿ ಹಂತಕ್ಕೂ, ಭಾಗದ ಜೊತೆ ಸಾಗುವ ಕೆಲಸದ ಪಟ್ಟಿಯಾದ ರೂಟ್ ಕಾರ್ಡಿನಲ್ಲಿ ಮಾಡಿದವರ ಸಹಿ, ಪರೀಕ್ಷಕರ ಮುದ್ರೆ, ಬಳಸಿದ ಸಾಮಗ್ರಿಯ ಬ್ಯಾಚ್ ಸಂಖ್ಯೆ. ಉಪಕರಣಗಳ ಹಲಗೆಯಲ್ಲಿ ಒಂದು ಡ್ರಿಲ್ ಜಾಗ ಖಾಲಿ ಕಂಡರೆ, ಅದು ಸಿಗುವವರೆಗೂ ಆ ಭಾಗವನ್ನು ಮುಚ್ಚುವಂತಿಲ್ಲ.

ಫೈಲು ಹೊರುವ ಬಗ್ಗೆ: ಹೊರಿ, ಆದರೆ ತೆರೆದು ಓದಿ. ಕೆಲಸದ ಅರ್ಧ ಪಾಠ ಅದರಲ್ಲಿದೆ.

ಬೆಳಗಾವಿಯ ಡಿಪ್ಲೊಮಾ ವಿದ್ಯಾರ್ಥಿ: ಎಚ್‌ಎಎಲ್ (ಸರ್ಕಾರಿ ವಿಮಾನ ಕಂಪನಿ) ಒಳ್ಳೆಯದೋ, ಖಾಸಗಿಯೋ? ನಮ್ಮ ಊರ ಹತ್ತಿರ ಹತ್ತರಗಿಯಲ್ಲೇ ವಿಮಾನ ಬಿಡಿಭಾಗಗಳ ಘಟಕಗಳಿವೆ.

ಉತ್ತರ: ಇಡೀ ವಿಮಾನ ಎದ್ದು ನಿಲ್ಲುವುದನ್ನು ನೋಡಬೇಕೆಂದರೆ ಎಚ್‌ಎಎಲ್. ಬೆಂಗಳೂರಿನಲ್ಲಿ ತೇಜಸ್ ಯುದ್ಧವಿಮಾನ ಇದೆ, 2023ರಿಂದ ಗುಬ್ಬಿ ತಾಲ್ಲೂಕಿನ ಹೆಲಿಕಾಪ್ಟರ್ ಕಾರ್ಖಾನೆಯೂ ಇದೆ. ಆದರೆ ಹೊರರಾಜ್ಯಕ್ಕೂ ಸಿದ್ಧರಿರಿ: ಡಾರ್ನಿಯರ್ ಸಣ್ಣ ವಿಮಾನ ಕಾನ್ಪುರದಲ್ಲಿ, ಸುಖೋಯ್ ಯುದ್ಧವಿಮಾನ ನಾಸಿಕ್ ಬಳಿಯ ಓಝರ್‌ನಲ್ಲಿ, ಎಂಜಿನ್‌ಗಳು ಒಡಿಶಾದ ಕೊರಾಪುಟ್‌ನಲ್ಲಿ. ಖಾಸಗಿಯಲ್ಲಿ ವಿಮಾನ ಕಾಣದೇ ಹೋಗಬಹುದು, ಭಾಗ ಮಾತ್ರ. ಆದರೆ ಕಂಪ್ಯೂಟರ್ ನಡೆಸುವ ಸಿಎನ್‌ಸಿ ಯಂತ್ರ, ಅಳತೆ, ವಿದೇಶಿ ಗ್ರಾಹಕರ ತಪಾಸಣೆ ಇವನ್ನು ಹತ್ತಿರದಿಂದ ಕಲಿಯಬಹುದು. ಯಂತ್ರದ ಮೇಲೆ ಆಸೆ ಇದ್ದರೆ ಮನೆ ಬಿಟ್ಟು ದೂರ ಹೋಗುವ ಅಗತ್ಯವಿಲ್ಲ.

ಒಂದು ಎಚ್ಚರಿಕೆ. ನಮ್ಮ ಕಾಲೇಜುಗಳಲ್ಲಿ ಕಲಿಸುವುದು ಎಡಬದಿಯ ನೋಟವನ್ನು ಬಲಕ್ಕೆ ಬರೆಯುವ ಫಸ್ಟ್ ಆಂಗಲ್ ಚಿತ್ರ. ಅಮೆರಿಕದ ಗ್ರಾಹಕರ ಚಿತ್ರಗಳು ಎಡಬದಿಯ ನೋಟವನ್ನು ಎಡಕ್ಕೇ ಬರೆಯುವ ಥರ್ಡ್ ಆಂಗಲ್‌ನಲ್ಲಿ, ಅಳತೆ ಅಂಗುಲದ ದಶಮಾಂಶದಲ್ಲಿ ಇರುತ್ತವೆ. ಮೂಲೆಯ ಸಂಕೇತ ನೋಡದೆ ಓದಿದರೆ ಎಡಗಡೆಯದು ಬಲಕ್ಕೆ ಬರುತ್ತದೆ.

ಮಂಡ್ಯದ ಒಬ್ಬ ತಾಯಿ: ನನ್ನ ಮಗಳು ಅರ್ಜಿ ಹಾಕಿದ್ದಾಳಮ್ಮಾ. ವರ್ಷ ಮುಗಿದ ಮೇಲೆ ಅಲ್ಲೇ ಕೆಲಸ ಕೊಡುತ್ತಾರಾ? ಖರ್ಚಿಗೆ ಸಾಕಾಗುತ್ತಾ?

ಉತ್ತರ: ಅಮ್ಮಾ, ಕೊಡಲೇಬೇಕೆಂದು ಕಾನೂನಿಲ್ಲ. 1961ರ ಅಪ್ರೆಂಟಿಸ್ ಕಾಯಿದೆಯ ಪ್ರಕಾರ ಅವಳು ತರಬೇತಿಯಲ್ಲಿರುವವಳು, ನೌಕರಳಲ್ಲ. ಕರಾರಿನಲ್ಲೇ ಬರೆದಿದ್ದರೆ ಮಾತ್ರ ಕೇಳಬಹುದು. ಬಾಯಿಮಾತಿನ ಭರವಸೆ ನಂಬಬೇಡಿ. 2019ರಲ್ಲಿ ನಿಗದಿಯಾದ ಕನಿಷ್ಠ ಸ್ಟೈಪೆಂಡ್ (ತರಬೇತಿ ಭತ್ಯೆ) ಪದವೀಧರರಿಗೆ ತಿಂಗಳಿಗೆ 9,000 ರೂಪಾಯಿ, ಡಿಪ್ಲೊಮಾದವರಿಗೆ 8,000. ಸೇರುವಾಗ ಜಾರಿಯಲ್ಲಿರುವ ದರ ನೋಡಿಕೊಳ್ಳಿ. ಕಂಪನಿ ಹೆಚ್ಚು ಕೊಡಬಹುದು, ಕಡಿಮೆ ಕೊಡುವಂತಿಲ್ಲ. ಬೆಂಗಳೂರಿನಲ್ಲಿ ಪಿ.ಜಿ. ಬಾಡಿಗೆ ಕಟ್ಟಿದರೆ ಉಳಿಯುವುದು ಸ್ವಲ್ಪವೇ, ಮನೆಯಿಂದ ಒಂದಿಷ್ಟು ಕಳಿಸಬೇಕಾದೀತು. ಹಾಸ್ಟೆಲ್, ಕ್ಯಾಂಟೀನ್, ಬಸ್ ಸೌಲಭ್ಯ ಇದೆಯೇ ಎಂದು ಮೊದಲೇ ವಿಚಾರಿಸಿ. ಅವಳು ಒಮ್ಮೆ ಅಪ್ರೆಂಟಿಸ್ ಆದರೆ ಅದೇ ಪದವಿಯ ಮೇಲೆ ಮತ್ತೆ ಆಗಲು ಬರುವುದಿಲ್ಲ, ಆದ್ದರಿಂದ ಜಾಗ ನೋಡಿ ಒಪ್ಪಿಕೊಳ್ಳಲಿ.

ಒಬ್ಬ ಫಿಟ್ಟರ್, ಐಟಿಐ: ಮೇಡಂ, ಕೋಪ ಬೇಡ. ಪದವಿಯವರು ಬಂದು ನಮ್ಮ ಪಕ್ಕ ನಿಲ್ಲುತ್ತಾರೆ, ಏನನ್ನೂ ಕೇಳುವುದಿಲ್ಲ. ಕೇಳಿದರೆ ಚಿಕ್ಕವರಾಗುತ್ತೇವೆ ಎಂದುಕೊಳ್ಳುತ್ತಾರೋ ಏನೋ.

ಉತ್ತರ: ಕೋಪ ಏಕೆ ಅಣ್ಣಾ, ಸರಿಯಾಗಿಯೇ ಹೇಳಿದಿರಿ. ಭಾಗಗಳನ್ನು ಹಿಡಿದಿಡುವ ಚೌಕಟ್ಟಾದ ಜಿಗ್‌ನಲ್ಲಿ ಕೈ ಹೋಗದ ಜಾಗಕ್ಕೆ ಚಿತ್ರದಲ್ಲಿ ಬೋಲ್ಟ್ ಬರೆದುಬಿಡುವುದು ನಮ್ಮಂಥವರೇ; ಅದನ್ನು ಬಿಗಿಯುವ ಪಾಡು ನಿಮ್ಮದು. ಅಪ್ರೆಂಟಿಸ್‌ಗಳಿಗೆ ನನ್ನ ಸಲಹೆ: ಕೇಳಬೇಕಾದ್ದನ್ನು ಶಿಫ್ಟ್ ಮುಗಿಯುವ ಹೊತ್ತಿಗೆ ಕೇಳಿ, ಗನ್ ಕೈಯಲ್ಲಿರುವಾಗ ಬೇಡ. ‘ಈ ಜೋಡಣೆಯಲ್ಲಿ ನಿಮಗೆ ಹೆಚ್ಚು ತೊಂದರೆ ಕೊಡುವುದು ಯಾವುದು?’ ಎಂದು ಕೇಳಿ ನೋಡಿ, ಎಷ್ಟೋ ಹೊತ್ತು ಹೇಳುತ್ತಾರೆ.

ಫಿಟ್ಟರ್: ಅದು ನಿಜ. ಹೇಳಲು ಶುರು ಮಾಡಿದರೆ ನಾವೇ ನಿಲ್ಲಿಸುವುದಿಲ್ಲ.

ಈಗ ಅಪ್ರೆಂಟಿಸ್ ಆಗಿರುವ ಸದಸ್ಯ: ನಾನಿರುವ ಕಡೆ ಕೆಲವು ತಿಂಗಳಿಂದ ಎಕ್ಸೆಲ್ ತುಂಬಿಸುವುದು ಬಿಟ್ಟರೆ ಬೇರೆ ಕೆಲಸವಿಲ್ಲ. ದಿನವೂ ತಡವಾಗಿ ಉಳಿಸಿಕೊಳ್ಳುತ್ತಾರೆ. ದೂರು ಕೊಟ್ಟರೆ ಪ್ರಮಾಣಪತ್ರ ಕೈತಪ್ಪೀತೆಂಬ ಭಯ.

ಉತ್ತರ: ದೂರಿನಿಂದ ಶುರು ಮಾಡಬೇಡಿ. ನಿಮ್ಮ ತರಬೇತಿ ವೇಳಾಪಟ್ಟಿಯ ಪ್ರತಿ ಕೇಳಿ, ಅದರಲ್ಲಿ ಯಾವ ಶಾಪ್‌ಗೆ ಯಾವಾಗ ಎಂದಿದೆಯೋ ಅದನ್ನು ತೋರಿಸಿ ತರಬೇತಿ ಅಧಿಕಾರಿಗೆ ಇಮೇಲ್ ಬರೆಯಿರಿ. ಮಾತಿನಲ್ಲಿ ಅಲ್ಲ, ಬರಹದಲ್ಲಿ. ನಿಮ್ಮ ಪ್ರಗತಿಯ ದಾಖಲೆ ಇಡುವುದು ಉದ್ಯೋಗದಾತರ ಹೊಣೆ. ಸರ್ಕಾರಿ ಅಧಿಕಾರಿಯಾದ ಅಪ್ರೆಂಟಿಸ್ ಸಲಹೆಗಾರರ ಅನುಮತಿ ಇಲ್ಲದೆ ಹೆಚ್ಚುವರಿ ಅವಧಿ ದುಡಿಸುವಂತೆಯೂ ಇಲ್ಲ. ಎರಡು ವಾರ ಕಾದು ಉತ್ತರ ಬರದಿದ್ದರೆ ಚೆನ್ನೈನಲ್ಲಿರುವ ದಕ್ಷಿಣ ವಲಯದ ಅಪ್ರೆಂಟಿಸ್ ತರಬೇತಿ ಮಂಡಳಿಗೆ ಅದೇ ಇಮೇಲನ್ನು ಲಗತ್ತಿಸಿ ಕಳಿಸಿ. ಅಷ್ಟರೊಳಗೆ ಆ ಎಕ್ಸೆಲ್‌ನಲ್ಲಿ ಏನಿದೆ ನೋಡಿ. ತಿರಸ್ಕೃತ ಭಾಗಗಳ ಪಟ್ಟಿಯಾಗಿದ್ದರೆ, ಯಾವ ಹಂತದಲ್ಲಿ ಹೆಚ್ಚು ಕೆಡುತ್ತಿದೆ ಎಂದು ವಿಂಗಡಿಸಿ, ಆ ಹಂತವನ್ನು ಕಣ್ಣಾರೆ ನೋಡಬೇಕೆಂದು ಶಾಪ್ ಮೇಲ್ವಿಚಾರಕರನ್ನು ಕೇಳಿ. ಒಳಗೆ ಕಾಲಿಡಲು ಅದೊಂದು ಒಳ್ಳೆಯ ನೆಪ.